ಒಂದು ಮೊರ ತೌಡಿನ ಹೆಸರು

ಜಗಳೂರಿನ ಆ ಓಣಿಯಲ್ಲಿ ಒಂದು ಕಾಲಕ್ಕೆ "ತಿಪ್ಪಾ" ಎಂದು ಕೂಗಿದರೆ ಓಣಿಗೆ ಓಣಿಯೇ ಓಗೊಡುತ್ತಿತ್ತು. ಮಕ್ಕಳು ಉಳಿಯದ ಮನೆಯವರು ಗಂಡುಕೂಸನ್ನು ತಿಪ್ಪೆಯ ಮೇಲೆ ಮಲಗಿಸುವರು. ಯಮನಿಗೆ ಕಸದ ಮೇಲೆ ಆಸೆಯಿಲ್ಲವಂತೆ. ನೆರೆಯವರೊಬ್ಬರು ಮೊರ ತೌಡು ಕೊಟ್ಟು ಅದನ್ನು ಕೊಂಡು, ಹೆಸರಿಟ್ಟು, ತಾಯಿಗೇ ಸಾಕಲು ಕೊಡುವರು. ತೌಡು ಯಾರದೋ, ಹೆಸರಿಡುವ ಹಕ್ಕೂ ಅವರದೇ. ಅವರೋ, ತಲೆ ಕೆಡಿಸಿಕೊಳ್ಳದೆ ತಿಪ್ಪ ಎಂದುಬಿಡುವರು.

ಭೀಮಕ್ಕನ ಮಗ ತಿಪ್ಪೇಸ್ವಾಮಿ ಹೀಗೆ ತೌಡಿಗೆ ಬಿಕರಿಯಾದವನೇ. ಶಾಲೆಯಲ್ಲಿ ಮೇಷ್ಟ್ರು ತಿಪ್ಪ ಎಂದರೆ ನಾಲ್ವರು ಎದ್ದು ನಿಲ್ಲುವರು, ಏಟು ಬೀಳುವುದು ಇವನಿಗೆ. ಗುರುತಿಗೆಂದು ಗೆಳೆಯರು ಇಟ್ಟ 'ಗೊಣ್ಣೆ ತಿಪ್ಪ' ಎಂಬ ಹೆಸರು ಮೀಸೆ ಬಂದ ಮೇಲೂ ಬಿಡಲಿಲ್ಲ. ಮನೆಯೊಳಗೆ ಮಾತ್ರ ಅವನು ಬರೀ ತಿಪ್ಪ; ಅವನಿಗಿದ್ದ ಮರ್ಯಾದೆ ಅಷ್ಟೇ. ಎಪ್ಪತ್ತೆಂಟನೇ ಇಸವಿಯಲ್ಲಿ ಮಗ ಹುಟ್ಟಿದಾಗ, ಓಣಿಯಲ್ಲಿ ಇನ್ನೊಬ್ಬರಿಗಿಲ್ಲದ ಹೆಸರಿಡುತ್ತೇನೆಂದು ಆಣೆ ಹಾಕಿಕೊಂಡ.

ಭೀಮಕ್ಕ ಕೇಳಬೇಕಲ್ಲ! "ತಿಪ್ಪೆ ಮ್ಯಾಲೆ ಮಲಗಿಸ್ದೆ ತೊಟ್ಲು ಕಟ್ಟಾಕೆ ಬಿಡಲ್ಲ" ಎಂದಳು.

ತಿಪ್ಪೇಸ್ವಾಮಿ ಗುಟ್ಟಾಗಿ ಟೈಲರ್ ಕೊಟ್ರಬಸಪ್ಪನ ಹತ್ತಿರ ಓಡಿದ. "ತೌಡು ನೀನೇ ಕೊಡ್ಬೇಕು ಕಣಪ್ಪ. ಪಕ್ಕದ ಮನೆ ಚೌಡಕ್ಕ ಕೊಟ್ಲೋ, ಮತ್ತೆ ತಿಪ್ಪನೇ!"

"ಚಿಂತೆ ಬಿಡು ತಿಪ್ಪಣ್ಣ. ರಮೇಶ ಅಂತ ಇಡಾನ. ಬೆಲ್‌ಬಾಟಮ್ ಇದ್ದಂಗೆ, ಈಗ ಅದೇ ನಡೀತಿರೋದು."

ಬೆಳಿಗ್ಗೆ ಕೂಸು ತಿಪ್ಪೆ ಏರಿತು. ಟೈಲರ್‌ನ ಸುಳಿವಿಲ್ಲ. ಮೊರದ ತುಂಬ ತೌಡು ಹಿಡಿದು ಬಂದವಳು ಚೌಡಕ್ಕ. ತಿಪ್ಪೇಸ್ವಾಮಿ ಓಡಿಹೋಗಿ ಅಡ್ಡ ನಿಂತ.

"ಚೌಡಕ್ಕಾ! ನಿನ್ನ ಎಮ್ಮೆ ಗೂಟ ಕಿತ್ಕೊಂಡು ಕೆರೆ ಕಡೆ ಓಡೋತು!"

"ಅಯ್ಯೋ ನನ್ನ ಶಿವನೇ!" ಮೊರ ಅಲ್ಲೇ ಇಟ್ಟು ಚೌಡಕ್ಕ ಸೀರೆ ಎತ್ತಿಕಟ್ಟಿ ಓಡಿದಳು.

ಅಷ್ಟರಲ್ಲಿ ಕೂಸು ಕಿರುಚತೊಡಗಿತು. ಕೊಳ್ಳುವವರು ಎತ್ತುವ ತನಕ ಹೆತ್ತ ಅಪ್ಪ ಮುಟ್ಟುವಂತಿಲ್ಲ. ನೊಣ ಓಡಿಸಲು ಹೋದ ತಿಪ್ಪೇಸ್ವಾಮಿ ಮೊಣಕಾಲವರೆಗೆ ತಿಪ್ಪೆಯಲ್ಲಿ ಹೂತುಕೊಂಡ. ಆಗ ಕೊರಳಿಗೆ ಟೇಪು ನೇತುಹಾಕಿಕೊಂಡು ಕೊಟ್ರಬಸಪ್ಪ ಬಂದ, ಬರಿಗೈಯಲ್ಲಿ.

"ತೌಡೆಲ್ಲೋ?"

"ಮರ್ತೇ ಹೋತು ಕಣಣ್ಣ! ಅಗೋ, ಇಲ್ಲೇ ಐತಲ್ಲ!" ಎಂದವನೇ ಅಲ್ಲಿದ್ದ ಮೊರ ಎತ್ತಿ ಭೀಮಕ್ಕನ ಸೆರಗಿಗೆ ಸುರಿದು, ಕೂಸನ್ನೆತ್ತಿ ಊರಿಗೆಲ್ಲ ಕೇಳುವಂತೆ "ರಮೇಶಾ" ಎಂದು ಕೂಗಿದ. ತಿಪ್ಪೇಸ್ವಾಮಿ ಕುಣಿದೇ ಬಿಡುತ್ತಿದ್ದ, ಕಾಲು ಮೇಲೆ ಬಂದಿದ್ದರೆ.

ಸಂಜೆ ತೊಟ್ಟಿಲು ಕಟ್ಟುವ ಹೊತ್ತಿಗೆ ಚೌಡಕ್ಕ ಪ್ರತ್ಯಕ್ಷಳಾದಳು. ಕೆರೆ ಏರಿಯೆಲ್ಲ ಹುಡುಕಿ ಸುಸ್ತಾಗಿ ಮನೆಗೆ ಬಂದರೆ ಎಮ್ಮೆ ಗೂಟದಲ್ಲೇ ಮೆಲುಕು ಹಾಕುತ್ತಿತ್ತಂತೆ.

"ತೌಡು ಯಾರ್ದು?" ಎಂದು ಗುಡುಗಿದಳು.

ಕೊಟ್ರಬಸಪ್ಪ ತನ್ನ ಟೇಪನ್ನು ಹೊಸದಾಗಿ ಕಂಡವನಂತೆ ನೋಡುತ್ತ ಕೂತ.

"ತೌಡು ನಂದು, ಕೂಸೂ ನಂದು. ಇವನು ತಿಪ್ಪ!"

ಭೀಮಕ್ಕ ಹೌದೆಂದು ತಲೆಯಾಡಿಸಿದಳು. ತಿಪ್ಪೇಸ್ವಾಮಿಗೆ ಅಳುವೇ ಬಂತು. "ಓಣಿಯಾಗೆ ಯಾರಿಗೂ ಇಲ್ದಿರೋ ಹೆಸರು ಬೇಕಿತ್ತು ಚೌಡಕ್ಕ ನಂಗೆ."

"ಲೋ ಮಂಕೇ, ಹುಲಿಗೆಮ್ಮನ ಮೊಮ್ಮಗ ರಮೇಶ, ಚಿತ್ತಪ್ಪನ ಮಗ ರಮೇಶ, ಈ ಟೈಲರ್ ಮಗನೂ ರಮೇಶ. ತಿಪ್ಪ ಅನ್ನೋ ಕೂಸು ಈಗ ಇವನೊಬ್ನೇ ಕಣೋ!"

ಹೌದಲ್ಲ! ಕೂಸುಗಳ ಮಟ್ಟಿಗಾದರೂ ಆಣೆ ತಾನಾಗಿಯೇ ಈಡೇರಿತ್ತು. ತಿಪ್ಪೇಸ್ವಾಮಿ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ತೊಟ್ಟಿಲ ಬಳಿಯಿಂದ ಅವ್ವನ ದನಿ ಬಂತು:

"ತಿಪ್ಪಾ..."

"ಓ, ಬಂದೆ ಅವ್ವಾ!"

"ನಿನ್ನಲ್ಲ ಕಣೋ, ಕೂಸನ್ನ ಕರೆದೆ. ನಾಳೆ ಇಬ್ರೂ ಓ ಅಂದ್ರೆ ಹೆಂಗೆ? ಇವತ್ತಿಂದ ನೀನು ಮನೆಯಾಗೂ ಗೊಣ್ಣೆ ತಿಪ್ಪ!"