ಮೇಷ್ಟ್ರಿಗೆ ಇಟ್ಟ ಪರೀಕ್ಷೆ

"ಬಗ್ಗಿ ಸ್ವಂತ ಕಾಲ್ಬೆರಳು ಮುಟ್ಟೋಕೆ ಬರಲ್ಲ, ನೀವ್ಯಾವ ಸೀಮೆ ಯೋಗದ ಮೇಷ್ಟ್ರು ರೀ?"

ಹನ್ನೆರಡು ಜನ ಚಾಪೆಯ ಮೇಲೆ ಕೂತಿದ್ದಾಗಲೇ ಕಟ್ಟಡದ ಸಂಘದ ಕಾರ್ಯದರ್ಶಿ ಹೀಗೆ ಕೇಳಿದ. ಮೇಷ್ಟ್ರ ಮುಖ ಇಸ್ತ್ರಿ ಕಾಣದ ಅಂಗಿಯಂತಾಯಿತು.

"ಮೂರು ತಿಂಗಳಿಂದ ಬರೀ ಉಸಿರಾಡಿ, ಉಸಿರಾಡಿ! ನಮಗೇನು ಉಸಿರಾಡೋಕೆ ಬರಲ್ವಾ? ಸಂಜೆ ಎಲ್ಲರ ಮುಂದೆ ಶೀರ್ಷಾಸನ ಹಾಕಿ ತೋರಿಸಿ. ಇಲ್ಲಾಂದ್ರೆ ಈ ಹಾಲ್ ನಾಳೆಯಿಂದ ಡ್ಯಾನ್ಸ್ ಟೀಚರ್‌ಗೆ."

ಮೇಷ್ಟ್ರಿಗೆ ಇದ್ದದ್ದು ಇದೊಂದೇ ಕ್ಲಾಸು. ಹಿಂದೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಬೆನ್ನು ಕೈಕೊಟ್ಟು ಎಂಟು ತಿಂಗಳು ಹಾಸಿಗೆ ಹಿಡಿದಾಗ ಮಾಡಲು ಉಳಿದಿದ್ದ ಕೆಲಸ ಉಸಿರಾಟವೊಂದೇ. ಅದನ್ನೇ ಗಮನವಿಟ್ಟು ಮಾಡುತ್ತಾ ಮಾಡುತ್ತಾ ಎದ್ದು ಕೂತರು, ನಿಂತರು, ನಡೆದರು. ದೇಹವನ್ನು ಬಗ್ಗಿಸುವ ಮೊದಲು ಅದರ ಮಾತು ಕೇಳಬೇಕು ಎಂಬುದೇ ಅವರ ಪಾಠ. ಆದರೆ ಮಾತು ಕೇಳುವವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಮನೆ ಸೇರುವಷ್ಟರಲ್ಲಿ ಪಕ್ಕದ ಮನೆಯ ಟೈಲರ್‌ಗೆ ಸುದ್ದಿ ಮುಟ್ಟಿತ್ತು. "ಗೋಡೆಗೆ ಒರಗಿ ಹಾಕಿ ಮೇಷ್ಟ್ರೇ, ಕಾಲು ನಾನು ಹಿಡ್ಕೋತೀನಿ."

"ಬೇಡ ರೀ," ಎಂದಳು ಹೆಂಡತಿ. "ಊರಿಗೆಲ್ಲ ಹೇಳೋ ಪಾಠ ನೀವೇ ಮರೆತ್ರಾ?"

ಮರೆತರು. ಹಟಕ್ಕೆ ಬಿದ್ದು ತಲೆಯೂರಿ ಕಾಲೆತ್ತಿದರು. ಅದೇ ಗಳಿಗೆಗೆ ಟೈಲರ್‌ನ ಫೋನು ಹೊಡೆದುಕೊಂಡಿತು. ಅವನು "ಹಲೋ" ಎಂದ. ಮೇಷ್ಟ್ರು ಕಡಿದ ಮರದಂತೆ ಉರುಳಿದರು. ಬೆನ್ನು ಹಿಡಿದುಕೊಂಡಿತು.

ಸಂಜೆ ಟೈಲರ್‌ನ ಹೆಗಲು ಹಿಡಿದು ಹಾಲ್‌ಗೆ ಬಂದವರು ನಿಲ್ಲಲಾರದೆ, ಕೂರಲಾರದೆ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು.

"ಇದೇನ್ರೀ ಹೊಸ ನಾಟಕ?" ಎಂದ ಕಾರ್ಯದರ್ಶಿ.

"ಶೀರ್ಷಾಸನಕ್ಕೆ ಮುಂಚೆ ಇದು. ಎಲ್ಲರೂ ಮಲಗಿ."

ಹೇಳಿದ ಸುಳ್ಳು ಅದೊಂದೇ. ಮುಂದೆ ಹೇಳಿದ್ದೆಲ್ಲ ಎಂಟು ತಿಂಗಳು ಹಾಸಿಗೆಯಲ್ಲಿ ಕಲಿತದ್ದು. "ಉಸಿರನ್ನ ಎಳೀಬೇಡಿ, ದಬ್ಬಬೇಡಿ. ನೆಂಟರ ಥರ ಬರಲಿ, ಹೋಗಲಿ. ನೋವಿದ್ರೆ ಅದರ ಜತೆ ಜಗಳ ಬೇಡ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ."

ಗೇಲಿ ಮಾಡಲೆಂದೇ ಮಲಗಿದ ಕಾರ್ಯದರ್ಶಿ ಐದೇ ನಿಮಿಷಕ್ಕೆ ಕೆಟ್ಟ ಮಿಕ್ಸಿಯಂತೆ ಗೊರಕೆ ಶುರು ಮಾಡಿದ. ಒಬ್ಬೊಬ್ಬರಾಗಿ ಉಳಿದವರೂ ಉರುಳಿಕೊಂಡರು. ಒಂದು ಗಂಟೆ ಹಾಲ್‌ನಲ್ಲಿ ಗೊರಕೆಯದೇ ರಾಜ್ಯ. ಮೇಷ್ಟ್ರ ಬೆನ್ನೂ ಮೆಲ್ಲಗೆ ಹಿಡಿತ ಬಿಟ್ಟಿತು.

ಎದ್ದ ಕಾರ್ಯದರ್ಶಿಯ ಕಣ್ಣು ಒದ್ದೆಯಾಗಿತ್ತು. "ಐದು ವರ್ಷದಿಂದ ಮಾತ್ರೆ ನುಂಗದೆ ನಿದ್ದೆ ಬಂದಿಲ್ಲ ನನಗೆ. ಇವತ್ತು ಬಂತು ಮೇಷ್ಟ್ರೇ! ಒಪ್ಪಿದೆ, ನಿಮ್ಮ ಪಾಠಾನೇ ಸರಿ."

ಮೇಷ್ಟ್ರ ಎದೆ ತುಂಬಿ ಬಂತು. ಕ್ಲಾಸು ಉಳಿಯಿತು!

"ಆದ್ರೆ ಇಷ್ಟಕ್ಕೆ ಹಾಲ್ ಯಾಕೆ, ಮೇಷ್ಟ್ರು ಯಾಕೆ?" ಕಾರ್ಯದರ್ಶಿ ಸುತ್ತ ನೋಡಿದ. "ಕಲಿತಾಯ್ತಲ್ಲ. ನಾಳೆಯಿಂದ ಅವರವರ ಮನೇಲಿ ಅವರವರು ಮಲಗಿದ್ರಾಯ್ತು. ಏನಂತೀರಿ?"

ಹನ್ನೆರಡು ತಲೆಗಳೂ ಹೂಂ ಎಂದು ಆಡಿದವು. ಮೇಷ್ಟ್ರು ನಿಧಾನಕ್ಕೆ ಎದ್ದರು. ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡರು.

"ಮೇಷ್ಟ್ರೇ, ಒಂದ್ನಿಮಿಷ! ತಲೆ ಕೆಳಗೆ ದಿಂಬು ಇಟ್ಕೋಬೇಕಾ, ಬೇಡ್ವಾ? ಅದೊಂದು ಹೇಳಿ ಹೋಗಿ!" ಕಾರ್ಯದರ್ಶಿ ಹಿಂದಿನಿಂದ ಕೂಗಿದ.

ಮೇಷ್ಟ್ರು ಮೆಟ್ಟಿಲಿಳಿದು ಬೀದಿಗೆ ನಡೆದರು.