ನಿಯಮಬದ್ಧ ನಡುಕ

ದೂರ ತರಬೇತಿಯನ್ನು ಪೂರ್ಣಗೊಳಿಸದ ಯಾವುದೇ ಆರೋಗ್ಯ ಸಿಬ್ಬಂದಿಯು ಕುಡುಕರಿಗೆ ಬುದ್ಧಿ ಹೇಳತಕ್ಕದ್ದಲ್ಲ ಎಂಬ ಸುತ್ತೋಲೆಯು ಆಸ್ಪತ್ರೆಯ ಗೋಡೆಗೆ ಅಂಟಿದ ದಿನವೇ ನರ್ಸಮ್ಮನ ಒಡಹುಟ್ಟಿದ ಅಣ್ಣ ಬಾಗಿಲಲ್ಲಿ ಬಂದು ನಿಂತ. "ಕುಡಿಯೋದು ಬಿಡ್ಬೇಕು ಕಣೇ. ಏನಾದ್ರೂ ಮಾಡು" ಅಂದ.

ಅಣ್ಣ ಟೈಲರ್. ಒಂದು ಕಾಲಕ್ಕೆ ಅವನು ಹೊಲಿದ ಕೋಟು ತೊಟ್ಟರೆ ಗೂನುಬೆನ್ನೂ ನೆಟ್ಟಗೆ ಕಾಣುತ್ತಿತ್ತು. ಈಗ ಬೆಳಿಗ್ಗೆ ಒಂದು ಗುಟುಕು ಬೀಳದಿದ್ದರೆ ಸೂಜಿಗೆ ದಾರ ಪೋಣಿಸಲಾಗದು. ಬಿದ್ದರೆ ಸೂಜಿಯೇ ಎರಡೆರಡು ಕಾಣುವುದು. "ಇನ್ನೊಂದು ಸಲ ಕುಡಿದು ಬಂದ್ರೆ ನಾನು ತವರಿಗೆ ಹೊರಟೆ" ಅಂತ ಅತ್ತಿಗೆ ಗಂಟುಮೂಟೆ ಕಟ್ಟಿ ಬಾಗಿಲ ಹಿಂದೆ ಸಿದ್ಧವಾಗಿಟ್ಟಿದ್ದಳು.

"ಬುದ್ಧಿ ಹೇಳೋ ಹಾಗಿಲ್ಲ ಅಣ್ಣಾ, ಸುತ್ತೋಲೆ ಬಂದಿದೆ. ಆದ್ರೆ ತರಬೇತಿಗೆ ಒಬ್ಬ ಅಭ್ಯಾಸ ರೋಗಿ ಬೇಕಂತೆ. ನೀನೇ ಆಗಿಬಿಡು."

ಹೀಗೆ ಚಿಕಿತ್ಸಾ ಕೋಣೆಯ ಕಂಪ್ಯೂಟರಿನ ಎದುರು ಅಣ್ಣ ತಂಗಿ ಕೂತರು. ಪಾಠ ಹೇಳುತ್ತಿದ್ದವರು ಪರದೆಯ ಮೇಡಂ. ದೂರದ ಯಾವುದೋ ಊರಿನ ತಜ್ಞೆ. ಕುಡಿತದ ಬಗ್ಗೆ ಸಕಲವನ್ನೂ ಬಲ್ಲವರು, ಕುಡುಕರನ್ನು ಮಾತ್ರ ಹತ್ತಿರದಿಂದ ಕಂಡವರಲ್ಲ. ಮೊದಲ ಪಾಠದಲ್ಲಿ ರೋಗಿಗೆ ನಮಸ್ಕಾರ ಹೇಳುವುದನ್ನು ಕಲಿಸಿದರು.

ಎರಡನೆಯ ಪಾಠದಲ್ಲಿ, "ಈಗ ರೋಗಿಯ ಕಣ್ಣನ್ನು ನೋಡಿ. ನಾನು ಮುಂದಿನ ಸೂಚನೆ ಕೊಡುವವರೆಗೆ ತುಟಿ ಪಿಟಕ್ಕೆನ್ನಬಾರದು" ಎಂದರು. ಅಷ್ಟಂದದ್ದೇ ತಡ, ನೆಟ್ ಹೋಯಿತು. ಮೇಡಂ ಬಾಯಿ ಅರ್ಧ ತೆರೆದುಕೊಂಡೇ ನಿಂತುಬಿಟ್ಟರು. ಅವರ ಮೂಗಿನ ಮೇಲೊಂದು ಚಕ್ರ ಗಿರ್ರನೆ ತಿರುಗತೊಡಗಿತು. ನರ್ಸಮ್ಮ ನಿಯಮಕ್ಕೆ ಹೆದರುವ ಹೆಂಗಸು. ಸೂಚನೆ ಬಂದಿಲ್ಲ, ಹಾಗಾಗಿ ಬಾಯಿ ತೆರೆಯಲಿಲ್ಲ.

ಅಣ್ಣ ಮೊದಲು ನಕ್ಕ. "ಏನೇ ಹಂಗೆ ನೋಡ್ತೀಯಾ?" ಅಂದ. ಆಮೇಲೆ ಕೆಮ್ಮಿದ. ಇವಳು ತುಟಿ ಎರಡು ಮಾಡಲಿಲ್ಲ.

"ರೆಡಿಮೇಡ್ ಅಂಗಡಿ ಬಂದ ಮೇಲೆ ನನ್ನ ಹತ್ರ ಬರೋರೆಲ್ಲ ಗುಂಡಿ ಹಾಕಿಸ್ಕೊಳ್ಳೋರೇ ಕಣೇ" ಅಂತ ಅವನೇ ಶುರು ಮಾಡಿದ. "ದಿನವೆಲ್ಲಾ ಗುಂಡಿ ಹಾಕಿ ಮನೆಗೆ ಹೋದ್ರೆ, ಇವತ್ತೇನು ಹೊಲಿದ್ರಿ ಅಂತ ಅವಳು ಕೇಳ್ತಾಳೆ. ಏನಂತ ಹೇಳ್ಲಿ? ಆ ಪ್ರಶ್ನೆಗೆ ಹೆದರಿ ಹೆಂಡದಂಗಡಿಗೆ ಹೋಗ್ತೀನಿ." ಹೇಳುತ್ತ ಹೇಳುತ್ತ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಹೆತ್ತ ತಾಯಿಯಿಂದ ಹಿಡಿದು ದಾರಿಹೋಕರವರೆಗೆ ಎಲ್ಲರೂ ಅವನಿಗೆ ಬುದ್ಧಿ ಹೇಳಿದವರೇ. ಬಾಯಿ ಮುಚ್ಚಿಕೊಂಡು ಕೇಳಿದವರಲ್ಲಿ ಇವಳೇ ಮೊದಲು. ನೆಟ್ ಬಂದು ಮೇಡಂ "ಈಗ ಮಾತನಾಡಬಹುದು" ಎನ್ನುವಷ್ಟರಲ್ಲಿ ಅಣ್ಣ ದೊಡ್ಡ ಡಾಕ್ಟ್ರ ಹತ್ತಿರ ಮಾತ್ರೆ ಇಸಿದುಕೊಂಡು ಮನೆ ಸೇರಿಯಾಗಿತ್ತು. ಮತ್ತೆ ಅವನು ಬಾಟಲಿ ಮುಟ್ಟಲಿಲ್ಲ. ಕೈ ದಿನೇ ದಿನೇ ಹಿಡಿತಕ್ಕೆ ಬಂತು. ಅತ್ತಿಗೆ ಮೂಟೆಯ ಗಂಟನ್ನು ಕೊಂಚ ಸಡಿಲಿಸಿದಳು, ಬಿಚ್ಚಲಿಲ್ಲ.

ಇಲ್ಲಿಂದ ಕಷ್ಟ ಶುರುವಾಯಿತು. ಐದನೆಯ ಪಾಠ, ಕೈನಡುಕವನ್ನು ಗುರುತಿಸುವುದು. ಅಣ್ಣ ಕೈ ಚಾಚಿದ. ಅದು ಗೋಡೆಗೆ ಹೊಡೆದ ಗೂಟದ ಹಾಗೆ ನಿಂತಿತ್ತು.

"ಇವರ ಕೈ ಯಾಕೆ ನಡುಗುತ್ತಿಲ್ಲ?" ಎಂದರು ಮೇಡಂ.

"ಕುಡಿಯೋದು ಬಿಟ್ಟಿದಾನೆ ಮೇಡಂ" ಅಂದಳು ನರ್ಸಮ್ಮ.

"ಯಾರ ಅನುಮತಿ ಪಡೆದು? ಬಿಡಿಸುವುದು ಹನ್ನೆರಡನೆಯ ಪಾಠದಲ್ಲಿ!"

"ತಪ್ಪಾಯ್ತು ಮೇಡಂ, ಗೊತ್ತಿರ್ಲಿಲ್ಲ" ಅಂತ ಅಣ್ಣ ಕೈ ಮುಗಿದ.

ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ. ಆದೇಶ ಬಂತು: ಪಾಠಕ್ಕಿಂತ ಮುಂಚಿತವಾಗಿ ಗುಣಮುಖನಾಗುವುದು ಅಶಿಸ್ತು, ಅಭ್ಯಾಸ ರೋಗಿಯು ಕೂಡಲೇ ಯಥಾಸ್ಥಿತಿಗೆ ಮರಳತಕ್ಕದ್ದು, ತಪ್ಪಿದಲ್ಲಿ ನರ್ಸ್ ಅನುತ್ತೀರ್ಣಳು, ಚಿಕಿತ್ಸಾ ಕೋಣೆಗೆ ಬೀಗ. ದೊಡ್ಡ ಡಾಕ್ಟ್ರು ಓದಿ ಕನ್ನಡಕ ಒರೆಸಿಕೊಂಡರು. "ಎರಡು ದಿನ ಕುಡಿಸಿ, ಮೂರನೇ ದಿನ ನಿಲ್ಸಿ. ಔಷಧಿ ಅಂದ್ಕೊಂಡ್ರಾಯ್ತು."

ನಿಮ್ಮ ತಲೆ ಎಂದು ನರ್ಸಮ್ಮ ಮನಸ್ಸಿನಲ್ಲೇ ಬೈದುಕೊಂಡಳು. "ಆಗ್ಲಿ ಸಾರ್" ಎಂದು ಬಾಯಲ್ಲಿ ಹೇಳಿದಳು.

"ಕುಡೀತೀನಿ ಬಿಡೇ, ನಿನ್ನ ಕೆಲಸಕ್ಕೆ ಕುತ್ತು ಬರೋದು ಬೇಡ" ಅಂದ ಅಣ್ಣ, ಅವಳು ಮನೆಗೆ ಬಂದು ವಿಷಯ ಹೇಳಿದಾಗ. ಹೇಳುವಾಗ ಅವನ ಕಣ್ಣಲ್ಲಿ ಹಳೆಯ ಹೊಳಪೊಂದು ಇಣುಕಿತು. ಅತ್ತಿಗೆ ಅದನ್ನು ಕಂಡಳು. ಮೂಟೆಯ ಕಡೆ ನೋಡಿದಳು, ಹೊಲಿಗೆ ಮೆಷಿನ್ ಕಡೆ ನೋಡಿದಳು. "ಅವರಿಗೆ ಬೇಕಾಗಿರೋದು ನಡುಕ ತಾನೇ? ಮೆಷಿನ್ ಎತ್ಕೊಂಡು ನಡೀರಿ" ಅಂದಳು.

ಮೂಟೆ ಬಿಚ್ಚಿ, ಅದರೊಳಗಿನ ಹೊದಿಕೆಯನ್ನು ಚಿಕಿತ್ಸಾ ಕೋಣೆಯಲ್ಲಿ ಮೆಷಿನ್ ಮೇಲೆ ಹೊದಿಸಿದರು. ಅಣ್ಣ ಅದರ ಮೇಲೆ ಕೈಯಿಟ್ಟ. ಅತ್ತಿಗೆ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಪೆಡಲ್ ಒತ್ತತೊಡಗಿದಳು.

"ಆಹಾ! ಇಷ್ಟು ಲಯಬದ್ಧ ನಡುಕವನ್ನು ನಾನು ಕಂಡೇ ಇಲ್ಲ" ಎಂದು ಮೇಡಂ ಮುಂದಕ್ಕೆ ಬಾಗಿದರು. "ಟಕಟಕ ಶಬ್ದ ಯಾತರದ್ದು?"

"ಹಲ್ಲು ಮೇಡಂ."

ಆ ದೃಶ್ಯವೇ ಇಲಾಖೆಯ ಮಾದರಿಯಾಯಿತು. ಇನ್ನು ಮುಂದೆ ಟಕಟಕ ಶಬ್ದವಿಲ್ಲದ ನಡುಕವನ್ನು ಮಾನ್ಯ ಮಾಡತಕ್ಕದ್ದಲ್ಲ ಎಂದು ಸುತ್ತೋಲೆ ಹೊರಟಿತು. ನಿಜವಾಗಿ ನಡುಗುತ್ತ ಬಂದವರೆಲ್ಲ ಶಬ್ದ ಸಾಲದೆಂದು ಹಿಂದಿರುಗಿದರು. ಕೂಗಾಟವಾಯಿತು. ನರ್ಸಮ್ಮ ಹೆದರಿ ಸತ್ಯ ಒಪ್ಪಿಕೊಂಡಳು. ಇಲಾಖೆಯು ಸತ್ಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಪ್ರತಿ ಆಸ್ಪತ್ರೆಗೂ ಒಂದೊಂದು ಹೊಲಿಗೆ ಮೆಷಿನ್ ಮಂಜೂರು ಮಾಡಿತು. ಅಣ್ಣನಿಗೆ ನಡುಕ ಸಹಾಯಕನ ಹುದ್ದೆ ಸಿಕ್ಕಿತು.

ಮೊನ್ನೆ ಒಬ್ಬ ಗಾರೆ ಕೆಲಸದವ ಬಂದ. ಕೊಟ್ಟ ನೀರೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡ.

"ಕೈ ಮೆಷಿನ್ ಮೇಲಿಡಪ್ಪಾ" ಅಂದಳು ನರ್ಸಮ್ಮ.

"ತಾನಾಗೇ ನಡುಗ್ತಿದೆಯಲ್ಲಮ್ಮಾ?"

"ಅದು ಸ್ವಂತ ನಡುಕ. ನಡೆಯಲ್ಲ."

ಅವನು ಕೈಯಿಟ್ಟ. ಅಣ್ಣ ತುಳಿದ. ಪರದೆಯ ಮೇಡಂ ತಲೆದೂಗಿದರು. "ಉತ್ತಮ. ಈಗ ರೋಗಿಯ ಕಣ್ಣನ್ನು ನೋಡಿ. ಮುಂದಿನ ಸೂಚನೆಯವರೆಗೆ ತುಟಿ..."

ನರ್ಸಮ್ಮ ಮೇಜಿನಡಿ ಕಾಲು ಚಾಚಿ, ಹೆಬ್ಬೆರಳಿನಿಂದ ನೆಟ್ ವೈರನ್ನು ಮೆಲ್ಲಗೆ ಎಳೆದಳು. ಚಕ್ರ ತಿರುಗತೊಡಗಿತು.

ದೊಡ್ಡ ಡಾಕ್ಟ್ರು ಬಾಗಿಲಲ್ಲಿ ಇಣುಕಿದರು. "ಮತ್ತೆ ನೆಟ್ ಹೋಯ್ತೇನಯ್ಯಾ?"

"ಹೌದು ಸಾರ್. ಈ ಕೋಣೇಲಿ ದಿನಾ ಹೋಗುತ್ತೆ" ಅಂದ ಅಣ್ಣ.

ಡಾಕ್ಟ್ರು ವೈರನ್ನು ನೋಡಿದರು, ನರ್ಸಮ್ಮನ ಕಾಲನ್ನು ನೋಡಿದರು, ಬಾಗಿಲು ಮುಂದೆ ಮಾಡಿಕೊಂಡು ಹೋದರು. ಗಾರೆಯವನು ಮೊದಲು ನಕ್ಕ. ಆಮೇಲೆ ಕೆಮ್ಮಿದ. ಅಣ್ಣ ಮೆಷಿನ್ ತುಳಿಯುವುದನ್ನು ನಿಲ್ಲಿಸಿದ.