ನಾನೇ ತೊಳೆದ ಬೀಕರು

ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುವುದು ಅಪರಾಧವೇನಲ್ಲ. ಆದರೆ ಅದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ, ಬೆಳಿಗ್ಗೆ ಯಾರೂ ಬರುವ ಮುಂಚೆ, ಅಲ್ಲಿಯದೇ ಬೀಕರಿನಲ್ಲಿ ಕಲಸಿ ಹಚ್ಚಿಕೊಳ್ಳುವುದನ್ನು ಏನೆನ್ನಬೇಕೋ ನೀವೇ ಹೇಳಿ. ಮನೆಯಲ್ಲಿ ಹಚ್ಚಿಕೊಂಡರೆ ಹೆಂಡತಿ ಮಗಳನ್ನೂ ಕರೆದು ತೋರಿಸಿ ನಗುತ್ತಾಳೆ. ಅದಕ್ಕೇ ಈ ಕಳ್ಳತನ.

ನಾನು ಶಿರಾದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಐವತ್ತರ ಹತ್ತಿರ ಬಂದ ಮೇಲೆ ಪಿಎಚ್‌ಡಿಗೆ ಸೇರಿದ್ದೇನೆ. ಜೇಡರ ಬಲೆಗಿಂತ ನವಿರಾದ ನ್ಯಾನೋ ಎಳೆಗಳ ಜಾಲವನ್ನು ಪುಟ್ಟ ಎಲೆಕ್ಟ್ರೋಡಿಗೆ ಹೊದಿಸಿ, ಅದಕ್ಕೊಂದು ಕಿಣ್ವ ಅಂಟಿಸಿ ಸೆನ್ಸರು ಮಾಡುವುದು ನನ್ನ ಕೆಲಸ. ಬಳಲಿದ ಜೀವಕೋಶಗಳು ಹೊರಬಿಡುವ ಹೈಡ್ರೋಜನ್ ಪೆರಾಕ್ಸೈಡು ಒಂದು ಚೂರು ಸೋಕಿದರೂ ಕರೆಂಟು ಏರಿ, ಕಂಪ್ಯೂಟರಿನಲ್ಲಿ ಗೆರೆ ಮೇಲಕ್ಕೆ ಹೋಗಬೇಕು. ಕಳೆದ ತಿಂಗಳು ಒಂದು ದಿನ ಬರೀ ನೀರಿಗೇ ಆ ಗೆರೆ ಮಧುಗಿರಿ ಬೆಟ್ಟ ಹತ್ತಿಬಿಟ್ಟಿತು.

ತಪ್ಪು ಇನ್ಯಾರದು, ಪಾತ್ರೆ ತೊಳೆಯುವವರದು! ತಾವರೆಕೆರೆಯಿಂದ ಬಸ್ಸಿನಲ್ಲಿ ಬರುವ ಅಟೆಂಡರ್ ರತ್ನಮ್ಮನವರನ್ನು ವಿದ್ಯಾರ್ಥಿಗಳೆದುರಿಗೇ ನಿಲ್ಲಿಸಿ, “ಒಂದು ಬೀಕರ್ ತೊಳೆಯೋಕೂ ಬರಲ್ವೇನಮ್ಮ? ಪ್ರಿನ್ಸಿಪಾಲರಿಗೆ ಬರೆದು ಬೇರೆಯವರನ್ನ ಹಾಕಿಸ್ಕೋತೀನಿ” ಎಂದು ಕೂಗಾಡಿದೆ. ಅವರದು ವರ್ಷ ವರ್ಷವೂ ಮುಂದುವರಿಸಬೇಕಾದ ಗುತ್ತಿಗೆ ಕೆಲಸ.

ರತ್ನಮ್ಮ ಅಳಲಿಲ್ಲ. ಕಪಾಟಿನಿಂದ ನಾಲ್ಕು ಬೀಕರು ತಂದಿಟ್ಟು, “ಸಾ, ಇವೆಲ್ಲ ನಾನ್ ತೊಳ್ದಿರವು. ನೀರಾಕಿ ನೋಡ್ಬುಡಿ” ಎಂದರು. ನೋಡಿದೆ. ಗೆರೆ ಅಲುಗಲಿಲ್ಲ. “ಈಗ ನಿಮ್ ಮೇಜಿನ್ ಮ್ಯಾಲಿಂದು.” ಗೆರೆ ನೆಗೆಯಿತು. ಆಗ ನೆನಪಾಯಿತು: ಬಣ್ಣದ ಜೊತೆ ಕಲಸುವ ದ್ರಾವಣದಲ್ಲಿರುವುದೂ ಹೈಡ್ರೋಜನ್ ಪೆರಾಕ್ಸೈಡೇ. ಆ ಬೀಕರನ್ನು ಅವಸರದಲ್ಲಿ ಎರಡು ಸಲ ಕುಲುಕಿ ಬೋರಲು ಹಾಕಿದವನು ನಾನೇ.

“ಸೆನ್ಸರು ಕೆಟ್ಟಿರಬೇಕು” ಎಂದುಬಿಟ್ಟೆ. ಅದು ಜನ್ಮದಲ್ಲೇ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ.

ಮಧ್ಯಾಹ್ನ ರತ್ನಮ್ಮ ಒಬ್ಬರೇ ಇದ್ದಾಗ ಹೋಗಿ, “ಆ ಬೀಕರಿನಲ್ಲಿ ನಾನು ತಲೆಗೆ...” ಎಂದು ತೊದಲಿದೆ.

“ಗೊತ್ತು ಬುಡಿ ಸಾ. ಸಿಂಕ್‌ನಾಗಿರೋ ಕರಿ ಕಲೆ ಉಜ್ಜೋಳು ನಾನೇ ಅಲ್ವಾ?”

“ಮತ್ತೆ ಹುಡುಗರ ಮುಂದೆ ಯಾಕೆ ಹೇಳಲಿಲ್ಲ?”

“ಹುಡುಗ್ರ ಮುಂದೆ ಮೇಷ್ಟ್ರು ಮರ್ವಾದೆ ತೆಗಿಯಕಾಯ್ತದಾ ಸಾ?”

ಅವರ ಮರ್ಯಾದೆಯನ್ನು ಬೆಳಿಗ್ಗೆ ಅದೇ ಹುಡುಗರ ಮುಂದೆ ತೆಗೆದವನು ನಾನು. ಮೇಜಿಗೆ ವಾಪಸು ಹೋಗಿ ಆ ಬೀಕರನ್ನು ಮತ್ತೆ ತೊಳೆದಿಟ್ಟೆ. ಮಾರನೆಯ ದಿನ ಧೈರ್ಯ ಮಾಡಿ, ತರಗತಿಯಲ್ಲಿ ಒಂದನ್ನೂ ಬಿಡದೆ ಎಲ್ಲ ಒಪ್ಪಿಕೊಂಡೆ. ಒಬ್ಬರಾದರೂ ನಗಬಾರದೇ? ಇಷ್ಟು ಪ್ರಾಮಾಣಿಕ ಮೇಷ್ಟ್ರು ಇವರಿಗೆಲ್ಲಿ ಸಿಗುತ್ತಾನೆ ಎಂದು ಒಳಗೊಳಗೇ ಉಬ್ಬುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಸಾರ್, ರತ್ನಮ್ಮೋರ್‌ತಾವ ಕ್ಷಮೆ ಕೇಳಿದ್ರಾ?”

ಕೇಳಿರಲಿಲ್ಲ.